ಆಕಾಶಕ್ಕೊಂದು ಮುಯ್ಯಾಳು

ಸಾಗರ ಸೀಮೆಯವರಿಗೆ ‘ಲಾಂಚ್’ ಅಂದ ಕೂಡಲೇ ರಾಕೆಟ್ ನೆನಪಾಗುವುದಿಲ್ಲ. ಹೊಳೆಬಾಗಿಲಿನಿಂದ ಸಿಗಂದೂರಿಗೆ ಜನ, ಜೀಪು, ಬಸ್ಸು ಎಲ್ಲವನ್ನೂ ಹೊತ್ತುಕೊಂಡು ಶರಾವತಿ ಹಿನ್ನೀರು ದಾಟಿಸುತ್ತಿದ್ದದ್ದೇ ನಮ್ಮ ಲಾಂಚು. 2025ರ ಜುಲೈ 14ಕ್ಕೆ ಅಲ್ಲಿ ಸೇತುವೆ ಉದ್ಘಾಟನೆ ಆಯಿತು. ಇನ್ನು ನಮ್ಮೂರಿನ ಹೆಸರಿನದ್ದು ಬೇರೆಯೇ ರಗಳೆ. ಬೆಂಗಳೂರಿನಲ್ಲಿ ಯಾರಾದರೂ ‘ಯಾವೂರು?’ ಅಂತ ಕೇಳಿ, ನಾನು ‘ಕಾರ್ಗಲ್’ ಅಂದರೆ ಮುಂದಿನ ಪ್ರಶ್ನೆ ಗ್ಯಾರಂಟಿ: ‘ಕಾರ್ಗಿಲ್ಲಾ? ಮಿಲಿಟರಿ ಫ್ಯಾಮಿಲಿನಾ?’ ಅಲ್ಲ ಮಾರಾಯ್ರೆ, ಇದು ಜೋಗದ ಪಕ್ಕದ ಕಾರ್ಗಲ್. ನಮ್ಮಲ್ಲಿರೋದು ಹಿಮ ಅಲ್ಲ, ಮಳೆ :)

ಆದರೆ ಒಂದು ವಿಷಯ ಇದೆ. ಆ ಕಾರ್ಗಿಲ್ಲು, ಈ ಕಾರ್ಗಲ್ಲು ಎರಡಕ್ಕೂ ನಮ್ಮ ದೇಶದ ಬಾಹ್ಯಾಕಾಶದ ಕತೆಯಲ್ಲಿ ಒಂದೊಂದು ಪಾತ್ರ ಇದೆ. ತಮಾಷೆಗೆ ಹೇಳುತ್ತಿಲ್ಲ. ರಾಕೆಟ್ ಹಾರುವುದನ್ನು ಟಿವಿಯಲ್ಲಿ ನೋಡಿ ಚಪ್ಪಾಳೆ ತಟ್ಟುತ್ತೇವೆ. ಆದರೆ ಯಾವ ಉಪಗ್ರಹ ಬೇಕು, ಯಾರಿಗಾಗಿ ಬೇಕು, ಯಾರು ಕಟ್ಟಬೇಕು, ದುಡ್ಡು ಯಾರದ್ದು, ಚಿತ್ರ ಯಾರ ಕೈಗೆ ಹೋಗಬೇಕು ಅನ್ನುವುದನ್ನೆಲ್ಲ ಯಾರು ತೀರ್ಮಾನಿಸುತ್ತಾರೆ? ಅದಕ್ಕೆ ‘ನೀತಿ’ ಅಂತ ಹೆಸರು. ಈ ಬರಹ ಆ ನೀತಿ ಹುಟ್ಟಿದ ಬಗೆಯ ಬಗ್ಗೆ.

ಇಸ್ರೋ ಹುಟ್ಟಿದ್ದು 1969ರ ಆಗಸ್ಟ್ 15ಕ್ಕೆ. ‘ಭಾರತೀಯ ಬಾಹ್ಯಾಕಾಶ ನೀತಿ’ ಎಂಬ ಹೆಸರಿನ ಸಮಗ್ರ ದಾಖಲೆ ಹೊರಬಂದದ್ದು 2023ರ ಏಪ್ರಿಲ್‌ನಲ್ಲಿ. ನಡುವೆ ಐವತ್ಮೂರು ವರ್ಷ ಚಿಲ್ಲರೆ! ಅಷ್ಟು ದಿನ ಏನು ಮಾಡಿದರು? ಒಂದೊಂದು ವಿಷಯಕ್ಕೆ ಒಂದೊಂದು ನಿಯಮ ಬಂದದ್ದುಂಟು. ಉಪಗ್ರಹ ಸಂಪರ್ಕಕ್ಕೆ 1997ರಲ್ಲಿ, ದೂರಸಂವೇದಿ ಮಾಹಿತಿಗೆ 2001ರಲ್ಲಿ. ಉಳಿದಂತೆ ಕೆಲಸ ನಡೆದದ್ದು ನಮ್ಮ ಕಡೆ ಗದ್ದೆ ಕೆಲಸ ನಡೆಯುತ್ತಿದ್ದ ಹಾಗೆ, ಮುಯ್ಯಾಳಿನಲ್ಲಿ.

ಪೇಟೆಯ ಗೆಳೆಯರಿಗಾಗಿ ಒಂದು ಮಾತು: ಮುಯ್ಯಾಳು ಅಂದರೆ, ಇವತ್ತು ನಿಮ್ಮ ಗದ್ದೆಯ ನೆಟ್ಟಿಗೆ ನಮ್ಮ ಮನೆಯಿಂದ ಇಬ್ಬರು, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಇಬ್ಬರು. ದುಡ್ಡಿಲ್ಲ, ಪತ್ರ ಇಲ್ಲ, ಸಹಿ ಇಲ್ಲ. ಲೆಕ್ಕ ಮಾತ್ರ ಎಲ್ಲರ ತಲೆಯಲ್ಲೂ ಪಕ್ಕಾ. ಬಂದವರ ಮನೆಗೆ ತಿರುಗಿ ಹೋಗದಿದ್ದರೆ ಮರುವರ್ಷ ನಿಮ್ಮ ಗದ್ದೆಗೆ ಯಾರೂ ಇಲ್ಲ. ಸರ್ಕಾರ, ಸೈನ್ಯ, ಕಾರ್ಖಾನೆ, ವಿದ್ಯಾಸಂಸ್ಥೆ, ಈ ನಾಲ್ಕು ಮನೆಗಳ ನಡುವೆ ಬೆಂಗಳೂರಿನಲ್ಲಿ ಹೀಗೊಂದು ಕೊಡುಕೊಳ್ಳುವಿಕೆ ಬೆಳೆಯಿತು. ಅದೇ ಎಷ್ಟೋ ವರ್ಷ ನಮ್ಮ ಬಾಹ್ಯಾಕಾಶ ನೀತಿಯಾಗಿತ್ತು.

*

ಕತೆ ಶುರುವಾಗುವುದು ಇಸ್ರೋಗಿಂತ ಸುಮಾರು ಮೂವತ್ತು ವರ್ಷ ಮೊದಲು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆಗೆದರು. ಮೈಸೂರು ಸಂಸ್ಥಾನ ಪಾಲುದಾರನಾಯಿತು. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಅದೇ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಇವತ್ತಿನ ಎಚ್‌ಎಎಲ್. ಎರಡನೇ ಮಹಾಯುದ್ಧ ಹತ್ತಿರ ಬಂದಾಗ ಭಾರತ ಸರ್ಕಾರ ಅದರ ಆಡಳಿತ ವಹಿಸಿಕೊಂಡಿತು. 1943ರ ಹೊತ್ತಿಗೆ ಅಮೆರಿಕದ ವಾಯುಪಡೆಯ ವಿಮಾನಗಳ ರಿಪೇರಿ ಅಲ್ಲಿ ನಡೆಯುತ್ತಿತ್ತು. ವಿಮಾನ ರಿಪೇರಿಗೆ ಓದಿದ ಜನ ಬೇಕಲ್ಲ? 1942ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾಯಿತು. ಅದನ್ನು ಕಟ್ಟಿದವರು ವಿ.ಎಂ. ಘಾಟಗೆ. ಸಂಸ್ಥಾನ, ಉದ್ಯಮಿ, ಸೈನ್ಯ, ಪ್ರೊಫೆಸರ್ ನಾಲ್ಕೂ ಎರಡೇ ವರ್ಷದಲ್ಲಿ ಒಂದೇ ಊರಿನಲ್ಲಿ ಸೇರಿದರು. ಯಾರೂ ಕೂತು ಯೋಜನೆ ಹಾಕಿದ್ದಲ್ಲ, ಯುದ್ಧ ಸೇರಿಸಿದ್ದು.

ಕಾರ್ಖಾನೆ ತಿರುಗಲು ಕರೆಂಟು ಬೇಕು. 1948ರಲ್ಲಿ ಜೋಗದ ಕೆಳಗೆ ವಿದ್ಯುದಾಗಾರ ಶುರುವಾಯಿತು; ಈಗ ಅದಕ್ಕೆ ಮಹಾತ್ಮ ಗಾಂಧಿಯವರ ಹೆಸರಿದೆ. ಅದಕ್ಕೆ ನೀರು ಕೊಡಲು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟನ್ನೇ ಮುಳುಗಿಸಿ, 1964ರಲ್ಲಿ ಕಾರ್ಗಲ್ ಪಕ್ಕದಲ್ಲಿ ಲಿಂಗನಮಕ್ಕಿ ಎದ್ದಿತು. ಬರಗಾಲದ ವರ್ಷ ಹಿನ್ನೀರು ಇಳಿದಾಗ ಹಳೇ ಅಣೆಕಟ್ಟು ಇನ್ನೂ ತಲೆ ಎತ್ತುತ್ತದೆ, ನೋಡಿದವರಿಗೆ ಗೊತ್ತು. ಶರಾವತಿ ವಿದ್ಯುದಾಗಾರದ ಇವತ್ತಿನ ಸಾಮರ್ಥ್ಯ 1035 ಮೆಗಾವಾಟ್. ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿಗಳು ಬೆಳೆದ ಕಾಲದಲ್ಲಿ ರಾಜ್ಯದ ದೀಪ ಉರಿಸಿದ್ದು ಬಹುಪಾಲು ಇದೇ ನೀರು. ಕಾರ್ಗಲ್ ಪಾತ್ರ ಅಂದೆನಲ್ಲ, ಇದೇ ಅದು. ಇದಕ್ಕೆ ಮುಂದೆ ಮತ್ತೆ ಬರುತ್ತೇನೆ.

*

1971ರ ಡಿಸೆಂಬರ್ 30ರಂದು ವಿಕ್ರಮ್ ಸಾರಾಭಾಯ್ ಕೋವಳಂನಲ್ಲಿ ತೀರಿಕೊಂಡರು. ಅಲ್ಲಿಯ ತನಕ ಬಾಹ್ಯಾಕಾಶ ಅಂದರೆ ಅಹಮದಾಬಾದು ಮತ್ತು ತುಂಬಾ. ಸಾರಾಭಾಯ್ ಕನಸು ಬಿತ್ತಿದರು, ಆದರೆ ಕಟ್ಟಡ ಇನ್ನೂ ಎದ್ದಿರಲಿಲ್ಲ. ಇಂದಿರಾ ಗಾಂಧಿ ಮುಂದಿನ ಜವಾಬ್ದಾರಿಗೆ ಹುಡುಕಿದ್ದು ಸತೀಶ್ ಧವನ್ ಅವರನ್ನು. ಅವರಾಗ ವಿಜ್ಞಾನ ಸಂಸ್ಥೆಯ ನಿರ್ದೇಶಕರು, ರಜೆ ಹಾಕಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಪಾಠ, ಸಂಶೋಧನೆ ಮಾಡಿಕೊಂಡಿದ್ದರು.

ಧವನ್ ಅವರ ಹಿನ್ನೆಲೆ ನೋಡಿ. ಶ್ರೀನಗರದಲ್ಲಿ ಹುಟ್ಟಿ, ಲಾಹೋರಿನಲ್ಲಿ ಗಣಿತ, ಭೌತಶಾಸ್ತ್ರ, ಇಂಗ್ಲಿಷ್ ಸಾಹಿತ್ಯ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಎಲ್ಲ ಓದಿ, ಯುದ್ಧದ ಕಾಲದಲ್ಲಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಸ್ವಲ್ಪ ದಿನ ಕೆಲಸ ಮಾಡಿ, ಅಮೆರಿಕದಲ್ಲಿ ಡಾಕ್ಟರೇಟ್ ಮುಗಿಸಿ, 1951ರಲ್ಲಿ ವಿಜ್ಞಾನ ಸಂಸ್ಥೆಗೆ ಬಂದವರು. ಕಾರ್ಖಾನೆಯ ನೆಲವನ್ನೂ ನೋಡಿದ್ದರು, ತರಗತಿಯ ಕರಿಹಲಗೆಯನ್ನೂ ನೋಡಿದ್ದರು. ಅವರು ಎರಡು ಷರತ್ತು ಹಾಕಿದರು: ಕೇಂದ್ರ ಕಚೇರಿ ಬೆಂಗಳೂರಿನಲ್ಲಿ ಇರಬೇಕು, ವಿಜ್ಞಾನ ಸಂಸ್ಥೆಯ ನಿರ್ದೇಶಕನ ಕುರ್ಚಿ ನಾನು ಬಿಡುವುದಿಲ್ಲ. ಪ್ರಧಾನಿ ಎರಡಕ್ಕೂ ಒಪ್ಪಿದರು. 1972ರ ಜೂನ್‌ನಲ್ಲಿ ಬಾಹ್ಯಾಕಾಶ ಆಯೋಗ ಮತ್ತು ಬಾಹ್ಯಾಕಾಶ ಇಲಾಖೆ ಹುಟ್ಟಿದವು. ಧವನ್ ಬರುವ ತನಕ ಎಂ.ಜಿ.ಕೆ. ಮೆನನ್ ನೋಡಿಕೊಂಡರು.

ಮೇಲ್ನೋಟಕ್ಕೆ ಇದು ಒಬ್ಬ ಮನುಷ್ಯನ ವೈಯಕ್ತಿಕ ಅನುಕೂಲದ ಷರತ್ತು ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಈ ಎರಡು ಸಾಲಿನಲ್ಲಿ ಇಡೀ ನೀತಿ ಇತ್ತು. ಕಚೇರಿ ದೆಹಲಿಯಲ್ಲಿದ್ದಿದ್ದರೆ ಅಕ್ಕಪಕ್ಕ ಇರುತ್ತಿದ್ದದ್ದು ಮಂತ್ರಾಲಯಗಳು. ಬೆಂಗಳೂರಿನಲ್ಲಿ ಇದ್ದದ್ದರಿಂದ ಒಂದು ಕಡೆ ಎಚ್‌ಎಎಲ್, ಇನ್ನೊಂದು ಕಡೆ ಗಾಳಿ ಸುರಂಗ ಇದ್ದ ಎನ್‌ಎಎಲ್, ಮತ್ತೊಂದು ಕಡೆ ಎಲೆಕ್ಟ್ರಾನಿಕ್ಸ್ ಮಾಡುವ ಬಿಇಎಲ್, ನಡುವೆ ವಿಜ್ಞಾನ ಸಂಸ್ಥೆ. ನಿರ್ದೇಶಕನೇ ಅಧ್ಯಕ್ಷನಾದ್ದರಿಂದ ಪ್ರೊಫೆಸರುಗಳು ಸಲಹೆಗಾರರಾಗಿ ಬಾಗಿಲಲ್ಲಿ ನಿಲ್ಲಬೇಕಿರಲಿಲ್ಲ, ಒಳಗೇ ಕೂರುತ್ತಿದ್ದರು. ಜೊತೆಗೆ ಆಯೋಗದಲ್ಲಿ ಸರ್ಕಾರದ ಹಿರಿಯ ಅಧಿಕಾರಿಗಳೂ ಇದ್ದದ್ದರಿಂದ, ದುಡ್ಡು ಕೊಡುವವರೂ ಕೆಲಸ ಮಾಡುವವರೂ ಒಂದೇ ಮೇಜಿನಲ್ಲಿ. ನಮ್ಮ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕ್ಲೈಂಟು ಒಂದು ದೇಶದಲ್ಲಿ, ಡಿಸೈನು ಇನ್ನೊಂದು ದೇಶದಲ್ಲಿ, ಟೆಸ್ಟಿಂಗು ಮತ್ತೊಂದು ಊರಲ್ಲಿ ಇದ್ದರೆ ಏನಾಗುತ್ತದೆ ಅಂತ ಇದನ್ನು ಓದುವವರಲ್ಲಿ ಅರ್ಧ ಜನಕ್ಕೆ ಗೊತ್ತಿದೆ, ನಾನು ಹೇಳಬೇಕಿಲ್ಲ :)

*

ಹಸಿರು ಮಾರ್ಗದ ಮೆಟ್ರೋದಲ್ಲಿ ಹೋಗುವವರು ಪೀಣ್ಯ ಬಂದಾಗ ಒಮ್ಮೆ ಕಿಟಕಿಯಿಂದ ಹೊರಗೆ ನೋಡಿ. ಆ ಕಾರ್ಖಾನೆ ಶೆಡ್ಡುಗಳ ನಡುವೆಯೇ ಆರ್ಯಭಟ ಹುಟ್ಟಿದ್ದು. ಉಡುಪಿ ಹತ್ತಿರದ ಅದಮಾರಿನವರಾದ ಯು.ಆರ್. ರಾವ್ ತಂಡ ಕಟ್ಟಿಕೊಂಡು ಅಲ್ಲಿಗೆ ಬಂದರು. 1972ರ ಮೇ ತಿಂಗಳಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಜೊತೆ ಒಪ್ಪಂದ ಆಗಿತ್ತು. ಉಪಗ್ರಹ ಕಟ್ಟಿದ ಅನುಭವ ಇಲ್ಲಿ ಯಾರಿಗೂ ಇರಲಿಲ್ಲ. ಶೀಟಿನ ಮಾಡಿನ ಶೆಡ್ಡನ್ನೇ ಶುಚಿ ಮಾಡಿ ಪ್ರಯೋಗಾಲಯ ಮಾಡಿಕೊಂಡರು. ಜಾಗ ಸಾಲದೆ ಒಂದು ಶೌಚಾಲಯವನ್ನೇ ಮಾಹಿತಿ ಸ್ವೀಕರಿಸುವ ಕೋಣೆಯಾಗಿ ಬದಲಾಯಿಸಿದ್ದನ್ನು ರಾವ್ ಅವರೇ ಹೇಳಿಕೊಂಡಿದ್ದಾರೆ. ಅದರೊಳಗಿನ ವೈಜ್ಞಾನಿಕ ಉಪಕರಣಗಳಿಗೆ ಮುಂಬಯಿಯ ಟಿಐಎಫ್‌ಆರ್, ಅಹಮದಾಬಾದಿನ ಪಿಆರ್‌ಎಲ್ ವಿಜ್ಞಾನಿಗಳು ಕೈಜೋಡಿಸಿದರು. 1975ರ ಏಪ್ರಿಲ್ 19ಕ್ಕೆ ಕಪುಸ್ತಿನ್ ಯಾರ್‌ನಿಂದ ಸುಮಾರು 360 ಕಿಲೋ ತೂಕದ ಆರ್ಯಭಟ ಮೇಲೇರಿತು. ನಾಲ್ಕೈದು ದಿನದಲ್ಲೇ ವಿದ್ಯುತ್ ತೊಂದರೆಯಿಂದ ಪ್ರಯೋಗಗಳು ನಿಂತವು. ಆದರೂ ಹಳೇ ಎರಡು ರೂಪಾಯಿ ನೋಟಿನ ಹಿಂಭಾಗದಲ್ಲಿ ಅದಕ್ಕೆ ಜಾಗ ಸಿಕ್ಕಿತು. ಸರಿಯಾಗೇ ಇತ್ತು. ನೀತಿ ಎನ್ನುವುದು ಕಡತಕ್ಕಿಂತ ಮೊದಲು ಪೀಣ್ಯದ ಶೆಡ್ಡಿನಲ್ಲಿ ಬರೆಯಲ್ಪಟ್ಟಿತ್ತು: ಹೊರಗಿನಿಂದ ಸಹಾಯ ತಗೊಳ್ಳೋಣ, ಆದರೆ ಕಟ್ಟುವುದನ್ನು ನಾವೇ ಕಲಿಯೋಣ.

ಅದೇ ವರ್ಷದ ಆಗಸ್ಟ್ 1ರಿಂದ ‘ಸೈಟ್’ ಎಂಬ ಪ್ರಯೋಗ. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷ ಎರವಲು ತಂದು, ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿವಿ ತೋರಿಸಿದರು. ನಮ್ಮ ರಾಜ್ಯದಲ್ಲಿ ಬಿಜಾಪುರ, ಗುಲಬರ್ಗ, ರಾಯಚೂರು ಜಿಲ್ಲೆಯ ಹಳ್ಳಿಗಳು. ಸೆಟ್ಟು ಮಾಡಿದ್ದು ಹೈದರಾಬಾದಿನ ಇಸಿಐಎಲ್, ಕಾರ್ಯಕ್ರಮ ಆಕಾಶವಾಣಿಯದ್ದು, ತಂತ್ರಜ್ಞಾನ ಇಸ್ರೋದ್ದು. ಬೆಂಗಳೂರಿಗೇ ಟಿವಿ ಬರದ ಕಾಲದಲ್ಲಿ ರಾಯಚೂರಿನ ಹಳ್ಳಿಯ ಕಟ್ಟೆಯ ಮೇಲೆ ಕೂತವರು ಉಪಗ್ರಹದ ಟಿವಿ ನೋಡಿದರು! ಇದರ ಪಾಠ ಇನ್ಸಾಟ್‌ಗೆ ಹೋಯಿತು. ದೂರವಾಣಿ, ಹವಾಮಾನ, ದೂರದರ್ಶನ ಮೂರೂ ಇಲಾಖೆಗಳಿಗೆ ಸೇರಿ ಒಂದೇ ಉಪಗ್ರಹ, ಅದನ್ನು ಹಂಚಿಕೊಳ್ಳಲು ಒಂದು ಸಮನ್ವಯ ಸಮಿತಿ. 1982ರಲ್ಲಿ ಮೊದಲ ಇನ್ಸಾಟ್ ಕೆಲವೇ ತಿಂಗಳಲ್ಲಿ ಕೈಕೊಟ್ಟಿತು, 1983ರ ಇನ್ಸಾಟ್-1ಬಿ ನಿಂತಿತು. ಅದನ್ನು ನಿಯಂತ್ರಿಸಿದ್ದು ಹಾಸನದಿಂದ. ಮೂರು ಇಲಾಖೆಗಳನ್ನು ಒಂದು ಉಪಗ್ರಹದಲ್ಲಿ ಕೂರಿಸುವುದು ರಾಕೆಟ್ ಹಾರಿಸುವುದಕ್ಕಿಂತ ಸುಲಭದ ಕೆಲಸ ಅಂತ ಅಂದುಕೊಳ್ಳಬೇಡಿ.

*

ಇಷ್ಟರಲ್ಲಿ ಸೈನ್ಯ ಎಲ್ಲಿತ್ತು?

ಬೇಕಂತಲೇ ಸ್ವಲ್ಪ ದೂರ ಇತ್ತು. ಧವನ್ ಕಾಲದ ಇಸ್ರೋ ನಾಗರಿಕ ಸಂಸ್ಥೆ. ಆದರೆ ಗೋಡೆಯಲ್ಲಿ ಕಿಂಡಿ ಇರಲೇ ಇಲ್ಲ ಅಂತಲ್ಲ. 1980ರ ಜುಲೈ 18ಕ್ಕೆ ಎಸ್‌ಎಲ್‌ವಿ-3 ರಾಕೆಟ್ಟನ್ನು ಗೆಲ್ಲಿಸಿದ ಅಬ್ದುಲ್ ಕಲಾಂ 1982ರಲ್ಲಿ ರಕ್ಷಣಾ ಸಂಶೋಧನೆಗೆ ಹೋದರು. 1989ರಲ್ಲಿ ಹಾರಿದ ಅಗ್ನಿಯ ಮೊದಲ ಹಂತಕ್ಕೆ ಎಸ್‌ಎಲ್‌ವಿಯ ಮೋಟಾರೇ ಆಧಾರ. 1984ರಲ್ಲಿ ರಾಕೇಶ್ ಶರ್ಮಾ ಸೋವಿಯತ್ ನೌಕೆಯಲ್ಲಿ ಹೋದಾಗ, ವಾಯುಪಡೆಯ ಪೈಲಟ್‌ಗಳಲ್ಲಿ ಯಾರು ಅರ್ಹರು ಅಂತ ಪರೀಕ್ಷೆ ಮಾಡಿದ್ದು ಬೆಂಗಳೂರಿನಲ್ಲೇ ಇರುವ ವಾಯುಪಡೆಯ ವೈದ್ಯಕೀಯ ಸಂಸ್ಥೆ.

ದೂರ ಇಡುವುದಕ್ಕೆ ಕಾರಣವೂ ಇತ್ತು. ಕ್ರಯೋಜೆನಿಕ್ ಎಂಜಿನ್‌ಗಾಗಿ ಸೋವಿಯತ್ತಿನ ಗ್ಲಾವ್‌ಕೊಸ್ಮೋಸ್ ಜೊತೆ ಒಪ್ಪಂದ ಮಾಡಿಕೊಂಡಾಗ, ಇದು ಕ್ಷಿಪಣಿಗೆ ಬಳಕೆಯಾಗಬಹುದು ಎಂದು 1992ರ ಮೇನಲ್ಲಿ ಅಮೆರಿಕ ಇಸ್ರೋ ಮೇಲೂ ದಿಗ್ಬಂಧನ ಹಾಕಿತು. 1993ರಲ್ಲಿ ರಷ್ಯಾ ತಂತ್ರಜ್ಞಾನ ಕೊಡುವುದಿಲ್ಲ, ತಯಾರಾದ ಎಂಜಿನ್ ಮಾತ್ರ ಕೊಡುತ್ತೇನೆ ಅಂದಿತು. ನಮ್ಮದೇ ಕ್ರಯೋಜೆನಿಕ್ ಹಂತದ ಜಿಎಸ್‌ಎಲ್‌ವಿ ಗೆದ್ದದ್ದು 2014ರ ಜನವರಿ 5ಕ್ಕೆ. ಇಪ್ಪತ್ತು ವರ್ಷ!

ಆಮೇಲೆ 1999, ಆ ಇನ್ನೊಂದು ಕಾರ್ಗಿಲ್. ಯುದ್ಧ ಮುಗಿದ ಕೂಡಲೇ ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯಲ್ಲಿ ಪರಿಶೀಲನಾ ಸಮಿತಿ ಕೂತಿತು. ಬೆಟ್ಟದ ತುದಿಯಲ್ಲಿ ಶತ್ರು ಬಂದು ಕೂತದ್ದು ಮೊದಲೇ ಯಾಕೆ ಕಾಣಲಿಲ್ಲ ಎಂಬ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಒಂದು, ಸೈನ್ಯಕ್ಕೆ ಬೇಕಾದಷ್ಟು ಸೂಕ್ಷ್ಮವಾದ ಉಪಗ್ರಹ ಚಿತ್ರಗಳು ನಮ್ಮಲ್ಲಿ ಇರಲಿಲ್ಲ ಅನ್ನುವುದು. ನೀತಿ ಅಲ್ಲಿಂದ ತಿರುಗಿತು. 2001ರ ಅಕ್ಟೋಬರ್ 22ಕ್ಕೆ ಒಂದು ಮೀಟರ್ ವಿವರ ತೋರಿಸುವ ಟಿಇಎಸ್ ಉಪಗ್ರಹ. 2006ರಲ್ಲಿ ನಮ್ಮದೇ ಪಥದರ್ಶಕ ಉಪಗ್ರಹಗಳಿಗೆ ಸರ್ಕಾರದ ಒಪ್ಪಿಗೆ. 2013ರಲ್ಲಿ ಮೊದಲನೆಯದು, 2016ರ ಏಪ್ರಿಲ್‌ಗೆ ಏಳನೆಯದು, ಹೆಸರು ನಾವಿಕ್. ಅದರಲ್ಲಿ ಎರಡು ಸೇವೆ: ಒಂದು ನಮ್ಮ ನಿಮ್ಮಂಥವರಿಗೆ, ಇನ್ನೊಂದು ಅಧಿಕೃತ ಬಳಕೆದಾರರಿಗೆ, ಅಂದರೆ ಮುಖ್ಯವಾಗಿ ಸೈನ್ಯಕ್ಕೆ. 2013ರಲ್ಲಿ ನೌಕಾಪಡೆಗೆ ಜಿಸ್ಯಾಟ್-7, 2018ರಲ್ಲಿ ವಾಯುಪಡೆಗೆ ಜಿಸ್ಯಾಟ್-7ಎ. 2019ರ ಮಾರ್ಚ್ 27ಕ್ಕೆ ಉಪಗ್ರಹ ಹೊಡೆದುರುಳಿಸುವ ಪರೀಕ್ಷೆ. ಅದೇ ವರ್ಷ ರಕ್ಷಣಾ ಬಾಹ್ಯಾಕಾಶ ಏಜೆನ್ಸಿ ಬಂತು, ಕಚೇರಿ ಮತ್ತೆ ಬೆಂಗಳೂರಲ್ಲೇ.

*

ಮುಯ್ಯಾಳಿನ ಒಂದು ಕಷ್ಟ ಏನೆಂದರೆ, ಹೊಸ ಮನೆಯೊಂದು ಊರಿಗೆ ಬಂದಾಗ ಲೆಕ್ಕ ಗೊಂದಲವಾಗುತ್ತದೆ. ಹಳಬರ ತಲೆಯಲ್ಲಿರುವ ನಿಯಮ ಹೊಸಬರಿಗೆ ಗೊತ್ತಿರುವುದಿಲ್ಲ.

2005ರ ಜನವರಿಯಲ್ಲಿ ಇಸ್ರೋದ ವ್ಯಾಪಾರಿ ಅಂಗವಾದ ಆಂಟ್ರಿಕ್ಸ್, ಬೆಂಗಳೂರಿನ ದೇವಾಸ್ ಎಂಬ ಖಾಸಗಿ ಕಂಪನಿಯೊಂದಿಗೆ ಕರಾರು ಮಾಡಿಕೊಂಡಿತು. ಎರಡು ಉಪಗ್ರಹಗಳ ಎಸ್-ಬ್ಯಾಂಡ್ ತರಂಗಾಂತರವನ್ನು ಆ ಕಂಪನಿ ಬಳಸಬಹುದು ಅನ್ನುವುದು ಅದರ ಸಾರ. 2011ರ ಫೆಬ್ರವರಿಯಲ್ಲಿ, ದೇಶದ ರಕ್ಷಣೆಗೆ ಆ ತರಂಗಾಂತರ ಬೇಕು ಎಂದು ಕೇಂದ್ರ ಸಂಪುಟದ ಭದ್ರತಾ ಸಮಿತಿ ಕರಾರನ್ನು ರದ್ದು ಮಾಡಿತು. ಆಮೇಲೆ ನಡೆದದ್ದು ಹತ್ತು ವರ್ಷಕ್ಕೂ ಮೀರಿದ ಕೋರ್ಟು ಕಚೇರಿ. ಹೊರದೇಶದ ಮಧ್ಯಸ್ಥಿಕೆ ನ್ಯಾಯಮಂಡಳಿಗಳು ಪರಿಹಾರ ಕೊಡಿ ಅಂದವು. 2022ರ ಜನವರಿ 17ಕ್ಕೆ ನಮ್ಮ ಸುಪ್ರೀಂ ಕೋರ್ಟು ವಂಚನೆಯ ಕಾರಣ ಕೊಟ್ಟು ಕಂಪನಿಯನ್ನು ಮುಚ್ಚುವ ಆದೇಶವನ್ನು ಎತ್ತಿಹಿಡಿಯಿತು. ಈ ನಡುವೆ 2012ರಲ್ಲಿ, ಕರಾರಿನ ವಿಷಯವಾಗಿ ಕೆಲವು ಹಿರಿಯ ವಿಜ್ಞಾನಿಗಳಿಗೆ ಸರ್ಕಾರಿ ಹುದ್ದೆಗಳ ಬಾಗಿಲು ಮುಚ್ಚಿದ ರೀತಿಯಿಂದ ಬೇಸರಗೊಂಡು, ಬೆಂಗಳೂರಿನ ರೊದ್ದಂ ನರಸಿಂಹ ಅವರು ಬಾಹ್ಯಾಕಾಶ ಆಯೋಗಕ್ಕೆ ರಾಜೀನಾಮೆ ಕೊಟ್ಟರು. ಧವನ್ ಅವರ ಶಿಷ್ಯ, ವಿಜ್ಞಾನ ಸಂಸ್ಥೆಯ ಪ್ರೊಫೆಸರ್, ಎನ್‌ಎಎಲ್ ನಿರ್ದೇಶಕರಾಗಿದ್ದವರು.

ಯಾರದ್ದು ಸರಿ, ಯಾರದ್ದು ತಪ್ಪು ಎನ್ನುವುದು ನ್ಯಾಯಾಲಯದ ಕೆಲಸ. ನನಗೆ ಕಾಣುವುದು ಇಷ್ಟು: ಸೈನ್ಯಕ್ಕೆ ಎಷ್ಟು ತರಂಗಾಂತರ, ಕಂಪನಿಗಳಿಗೆ ಎಷ್ಟು, ಹಂಚುವವರು ಯಾರು ಅಂತ ನಾಲ್ಕೂ ಮನೆಯವರು ಕೂತು ಮೊದಲೇ ಬರೆದಿಟ್ಟಿದ್ದರೆ, ಆರು ವರ್ಷ ಆದಮೇಲೆ ‘ಇದು ರಕ್ಷಣೆಗೆ ಬೇಕು’ ಅಂತ ನೆನಪಾಗುತ್ತಿರಲಿಲ್ಲ. ಬಾಯಿಮಾತಿನ ನೀತಿಯ ಕಾಲ ಅಲ್ಲಿಗೆ ಮುಗಿದಿತ್ತು.

2020ರ ಜೂನ್‌ನಲ್ಲಿ ಖಾಸಗಿಯವರಿಗೆ ಬಾಗಿಲು ತೆಗೆದು, ಅನುಮತಿ ಕೊಡಲು ಇನ್-ಸ್ಪೇಸ್ ಎಂಬ ಬೇರೆ ಸಂಸ್ಥೆಯನ್ನು ಪ್ರಕಟಿಸಿದರು. 2023ರ ನೀತಿ ಕೆಲಸ ಹಂಚಿತು: ಇಸ್ರೋ ಸಂಶೋಧನೆ ಮಾಡಲಿ, ವ್ಯಾಪಾರವನ್ನು ಎನ್‌ಎಸ್‌ಐಎಲ್ ನೋಡಿಕೊಳ್ಳಲಿ, ಅನುಮತಿ ಇನ್-ಸ್ಪೇಸ್ ಕೊಡಲಿ, ಕಂಪನಿಗಳು ಉಪಗ್ರಹದಿಂದ ಹಿಡಿದು ರಾಕೆಟ್ ತನಕ ಏನು ಬೇಕಾದರೂ ಕಟ್ಟಲಿ. 2025ರ ಜನವರಿಯಲ್ಲಿ ಬೆಂಗಳೂರಿನ ಪಿಕ್ಸೆಲ್ ಎಂಬ ಕಂಪನಿ ತನ್ನ ಫೈರ್‌ಫ್ಲೈ ಉಪಗ್ರಹಗಳನ್ನು ಹಾರಿಸಿತು. ಅದೇ ವರ್ಷದ ಜೂನ್‌ನಲ್ಲಿ ಎಸ್‌ಎಸ್‌ಎಲ್‌ವಿ ರಾಕೆಟ್ ಕಟ್ಟುವ ತಂತ್ರಜ್ಞಾನವನ್ನು 511 ಕೋಟಿಗೆ ಬಿಡ್ ಮಾಡಿ ಗೆದ್ದದ್ದು ಎಚ್‌ಎಎಲ್. 1940ರಲ್ಲಿ ಶುರುವಾದ ಅದೇ ಮನೆ. ಅದೇ ಜೂನ್‌ನಲ್ಲಿ ವಾಯುಪಡೆಯ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋದರಲ್ಲ, ಅವರು ಎಂ.ಟೆಕ್ ಓದಿದ್ದು ವಿಜ್ಞಾನ ಸಂಸ್ಥೆಯಲ್ಲಿ. ಅವರ ಜೊತೆ ಹೋದ ಪ್ರಯೋಗಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು, ಮೆಂತ್ಯದ ಮೊಳಕೆಯೂ ಇತ್ತು!

*

ಈ ನಾಲ್ಕು ಮನೆ ಸೇರಿದರೆ ಏನಾಗುತ್ತದೆ ಎಂಬುದನ್ನು ಕಣ್ಣಿಗೆ ಕಟ್ಟುವ ಹಾಗೆ ನೋಡಬೇಕಾದರೆ ಚಿತ್ರದುರ್ಗದ ಚಳ್ಳಕೆರೆಗೆ ಹೋಗಬೇಕು. 2023ರ ಏಪ್ರಿಲ್ 2ರಂದು ಅಲ್ಲಿ ಇಸ್ರೋದ ರೆಕ್ಕೆಯಿರುವ ಮರುಬಳಕೆ ವಾಹನವನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಒಯ್ದು ಬಿಟ್ಟಿತು. ಅದು ತಾನೇ ದಾರಿ ಹುಡುಕಿಕೊಂಡು ಡಿಆರ್‌ಡಿಓದ ರನ್‌ವೇ ಮೇಲೆ ಇಳಿಯಿತು. 2024ರಲ್ಲಿ ಇನ್ನೆರಡು ಸಲ ಇಳಿಯಿತು. ವಿಜ್ಞಾನ ಸಂಸ್ಥೆಯ ಹೊಸ ಆವರಣವೂ ಅಲ್ಲೇ ಪಕ್ಕದಲ್ಲಿ, ಕುದಾಪುರದಲ್ಲಿ.

ಆ ನೆಲ ಮೊದಲು ಏನಾಗಿತ್ತು? ಅಮೃತಮಹಲ್ ಕಾವಲು. ಮೈಸೂರು ಅರಸರ ಕಾಲದಿಂದ ದನ ಮೇಯುತ್ತಿದ್ದ ಹುಲ್ಲುಗಾವಲು. ಈ ಸಂಸ್ಥೆಗಳಿಗೆಲ್ಲ ಸಾವಿರಾರು ಎಕರೆ ಹಂಚಿಕೆಯಾದದ್ದು ಸುತ್ತಲಿನ ಹಳ್ಳಿಯ ಕುರಿ, ದನ ಸಾಕುವವರಿಗೆ ಬೇಲಿ ಬಿದ್ದಮೇಲೆ ತಿಳಿಯಿತು. ವಿಷಯ ಹಸಿರು ನ್ಯಾಯಮಂಡಳಿ ತನಕ ಹೋಯಿತು. ಅಲ್ಲಿಯ ತಂತ್ರಜ್ಞಾನ ನನಗೆ ರೋಮಾಂಚನ ಕೊಡುತ್ತದೆ, ನಿಜ. ಆದರೆ ಕಾರ್ಗಲ್‌ನಲ್ಲಿ ಬೆಳೆದವನಿಗೆ ಈ ಬೇಲಿಯ ಕತೆಯೂ ಪರಿಚಿತವೇ. ಲಿಂಗನಮಕ್ಕಿಯ ನೀರಿನಡಿ ಹೋದ ಊರುಗಳ ಜನ ಕರೆಂಟು ಕೊಟ್ಟರು. ಅವರಲ್ಲಿ ಹಲವರ ಭೂಮಿಯ ಹಕ್ಕಿನ ಕಡತ ಅರವತ್ತು ವರ್ಷ ಕಳೆದರೂ ತೀರ್ಮಾನವಾಗಿಲ್ಲ. ಮುಯ್ಯಾಳಿಗೆ ಬಂದವರ ಮನೆಗೆ ತಿರುಗಿ ಹೋಗಬೇಕಿತ್ತಲ್ಲ?

ಇನ್ನೊಂದು ಉದಾಹರಣೆ ಹೇಳಿ ಮುಗಿಸುತ್ತೇನೆ. ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಬಾಹ್ಯಾಕಾಶ ನೀತಿ ಮನೆಬಾಗಿಲಿಗೆ ಬಂದದ್ದು ರಾಕೆಟ್ ರೂಪದಲ್ಲಲ್ಲ, ‘ಕಸ್ತೂರಿರಂಗನ್ ವರದಿ’ ಎಂಬ ಹೆಸರಿನಲ್ಲಿ. 1994ರಿಂದ 2003ರ ತನಕ ಇಸ್ರೋ ಅಧ್ಯಕ್ಷರಾಗಿದ್ದ ಅವರು (2025ರ ಏಪ್ರಿಲ್‌ನಲ್ಲಿ ತೀರಿಕೊಂಡರು) ಪಶ್ಚಿಮ ಘಟ್ಟದ ಕಾರ್ಯಪಡೆಯ ನೇತೃತ್ವ ವಹಿಸಿ 2013ರ ಏಪ್ರಿಲ್ 15ಕ್ಕೆ ವರದಿ ಕೊಟ್ಟರು. ನಮ್ಮದೇ ಉಪಗ್ರಹದ ಚಿತ್ರ ಇಟ್ಟುಕೊಂಡು, ಘಟ್ಟದ ಶೇಕಡಾ 37ರಷ್ಟು ಭಾಗವನ್ನು ಸೂಕ್ಷ್ಮ ಪ್ರದೇಶ ಎಂದು ಗುರುತಿಸಿದ ನಕ್ಷೆ ಅದು. ಚಿತ್ರದ ಒಂದು ಪಿಕ್ಸೆಲ್ಲು ನೆಲದ ಮೇಲೆ ಸುಮಾರು 24 ಮೀಟರ್. ಅಂದರೆ ಒಂದು ಸಣ್ಣ ಅಡಿಕೆ ತೋಟ ಎರಡು ಮೂರು ಚುಕ್ಕೆಯೊಳಗೆ ಮುಗಿದುಹೋಗುತ್ತದೆ.

ಮೇಲಿನಿಂದ ನೋಡಿದರೆ ಸೊಪ್ಪಿನಬೆಟ್ಟ ಬರೀ ಹಸಿರು. ಆದರೆ ಅದು ತೋಟದ ಗೊಬ್ಬರಕ್ಕೆ ಸೊಪ್ಪು ಕೊಡುವ ಬೆಟ್ಟ, ತೋಟದ ಅರ್ಧ ಜೀವ. ಕಾಡೂ ಹೌದು, ಕೃಷಿಯೂ ಹೌದು. ಉಪಗ್ರಹಕ್ಕೆ ಬಣ್ಣ ಗೊತ್ತಾಗುತ್ತದೆ, ಹಕ್ಕು ಗೊತ್ತಾಗುವುದಿಲ್ಲ. ಅದನ್ನು ಹೇಳಲು ಊರಿನವರು ಬೇಕು. ಊರಿನವರನ್ನು ಮೊದಲೇ ಕೂರಿಸಿ ನಕ್ಷೆ ಹರಡಿ ಕೇಳಿದ್ದರೆ ಬೇರೆ ಮಾತಿತ್ತು. ನಕ್ಷೆ ಆದಮೇಲೆ ಪಟ್ಟಿಯಲ್ಲಿ ತಮ್ಮೂರಿನ ಹೆಸರು ನೋಡಿದವರು ಬೀದಿಗಿಳಿದರು. 2024ರ ಜುಲೈ 31ಕ್ಕೆ ಕೇಂದ್ರ ಆರನೇ ಸಲ ಕರಡು ಅಧಿಸೂಚನೆ ಹೊರಡಿಸಿತು. ಸೆಪ್ಟೆಂಬರ್ 26ಕ್ಕೆ ರಾಜ್ಯ ಸಂಪುಟ ವರದಿಯನ್ನೇ ಬೇಡ ಅಂದಿತು. ಹನ್ನೊಂದು ವರ್ಷ ಜಗಳ ಆಡಿ, ಕಾಡಿಗೂ ರಕ್ಷಣೆ ಇಲ್ಲ, ತೋಟದವನಿಗೂ ನೆಮ್ಮದಿ ಇಲ್ಲ. ಘಟ್ಟ ಕುಸಿಯುವುದು ಮಾತ್ರ ಪ್ರತಿ ಮಳೆಗಾಲ ನಡೆದೇ ಇದೆ.

2025ರ ಜುಲೈ 30ಕ್ಕೆ ನೈಸಾರ್ ಹಾರಿತು. ನಾಸಾ ಮತ್ತು ಇಸ್ರೋದ ಜಂಟಿ ರೇಡಾರ್ ಉಪಗ್ರಹ, ಎರಡೂ ಕಡೆಯ ಭಾಗಗಳನ್ನು ಜೋಡಿಸಿದ್ದು ಬೆಂಗಳೂರಿನಲ್ಲಿ. ಮೋಡ ಇದ್ದರೂ, ರಾತ್ರಿಯಾದರೂ ಅದಕ್ಕೆ ನೆಲ ಕಾಣುತ್ತದೆ. ಹನ್ನೆರಡು ದಿನಕ್ಕೊಮ್ಮೆ ಅದೇ ಜಾಗಕ್ಕೆ ಮರಳಿ ಬಂದು, ಗುಡ್ಡ ಸ್ವಲ್ಪ ಜರುಗಿದ್ದರೂ ಹಿಡಿಯುವ ಸಾಮರ್ಥ್ಯ ಅದಕ್ಕಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸೂರ್ಯನನ್ನೇ ಕಾಣದ ನಮ್ಮಂಥ ಊರಿಗೆ ಇದಕ್ಕಿಂತ ಬೇಕಾದ ಉಪಗ್ರಹ ಇನ್ನೊಂದಿಲ್ಲ. ಮಾಹಿತಿ ಎಲ್ಲರಿಗೂ ಉಚಿತ. ಆದರೆ ಅದನ್ನು ಓದಿ, ಈ ಗುಡ್ಡ ಜರುಗುತ್ತಿದೆ ಅಂತ ಗ್ರಾಮ ಪಂಚಾಯಿತಿಗೆ ಕನ್ನಡದಲ್ಲಿ ಹೇಳುವವರು ಯಾರು? ಪಂಚಾಯಿತಿಯವರು ‘ಆ ಬದಿ ಅಲ್ಲ, ಈ ಬದಿ ನೋಡಿ’ ಅಂತ ತಿರುಗಿ ಹೇಳಿದರೆ ಕೇಳಿಸಿಕೊಳ್ಳುವವರು ಯಾರು? 2023ರ ನೀತಿಯಲ್ಲಿ ನಾಲ್ಕೂ ಮನೆಯವರ ಕೆಲಸ ಚೆನ್ನಾಗಿ ಬರೆದಿದ್ದಾರೆ. ಈ ಐದನೇ ಮನೆಯವರು ಅಲ್ಲಿ ಫಲಾನುಭವಿಗಳಷ್ಟೇ, ಪಾಲುದಾರರಲ್ಲ.

ಧವನ್ ಅವರ ಷರತ್ತಿನಿಂದ ಪ್ರೊಫೆಸರುಗಳಿಗೆ ಕುರ್ಚಿ ಸಿಕ್ಕಿತು. ಕಾರ್ಗಿಲ್‌ನಿಂದ ಸೈನ್ಯಕ್ಕೆ ಸಿಕ್ಕಿತು. 2020ರಿಂದ ಕಂಪನಿಗಳಿಗೂ ಸಿಕ್ಕಿತು. ಪ್ರತಿ ಸಲವೂ ಯಾರೋ ಕೇಳಿದ್ದರಿಂದಲೇ ಸಿಕ್ಕಿದ್ದು, ತಾನಾಗಿ ಬಂದದ್ದಲ್ಲ. ನಮ್ಮ ಊರುಗಳಿಂದ ಎಂಜಿನಿಯರಿಂಗ್ ಓದಿ ಬೆಂಗಳೂರು ಸೇರಿದವರು ನಾವು ಸಾವಿರಾರು ಜನ ಇದ್ದೇವೆ. ನಮಗೆ ಪಿಕ್ಸೆಲ್ಲೂ ಗೊತ್ತು, ಸೊಪ್ಪಿನಬೆಟ್ಟವೂ ಗೊತ್ತು. ಆ ಐದನೇ ಕುರ್ಚಿ ಕೇಳಬೇಕಾದವರು ನಾವೇ ಇರಬೇಕು ಅನ್ನಿಸುತ್ತದೆ. ನೈಸಾರ್ ಮಾಹಿತಿ ಇಟ್ಟುಕೊಂಡು ನಮ್ಮ ಪಂಚಾಯಿತಿ ಮಟ್ಟಕ್ಕೆ ಏನಾದರೂ ಮಾಡೋಣ ಅನ್ನುವವರು ಇದ್ದರೆ ಹೇಳಿ. ಮೊದಲ ದಿನದ ಆಳು ನಮ್ಮ ಮನೆಯಿಂದ.